ವಿದೇಶಗಳಲ್ಲಿ ಇಂಗ್ಲಿಷ್ ಬೋಧನೆ ಹಾಗೂ ಆರೋಗ್ಯ ವಿಮೆ: ತೆರಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಇಂಗ್ಲಿಷ್ ವಿಷಯದಲ್ಲಿ ಪದವಿ ಹಾಗೂ ಬಿ.ಎಡ್. ಪಡೆದು ವಿದೇಶದ ಶಾಲೆಗಳಲ್ಲಿ ಬೋಧಕ ಹುದ್ದೆ ಬಯಸುವವರು ಪಾಸ್‌ಪೋರ್ಟ್, ಪೊಲೀಸ್ ಪರಿಶೀಲನೆ ಮತ್ತು ಅಂಕಪಟ್ಟಿಗಳ ದೃಢೀಕರಣದ ಬಗ್ಗೆ ವಿವರವಾಗಿ ವಿಚಾರಿಸುವುದು ವಾಡಿಕೆ. ಸಂಬಳವೆಷ್ಟು, ವಸತಿ ಉಂಟೇ ಎಂಬುದನ್ನೂ ಕೇಳುತ್ತಾರೆ. ಆರೋಗ್ಯ ವಿಮೆಯ ವಿಷಯ ಮಾತ್ರ ವಿಮಾನದ ಟಿಕೆಟ್ ಕೈಸೇರಿದ ನಂತರ ನೆನಪಿಗೆ ಬರುತ್ತದೆ. ಅಷ್ಟರಲ್ಲಿ ಕರಾರಿಗೆ ಸಹಿ ಬಿದ್ದಿರುತ್ತದೆ.

ಕಾನೂನಿನ ದೃಷ್ಟಿಯಿಂದ ಈ ವರ್ಗದವರ ಸ್ಥಿತಿ ವಿಚಿತ್ರವಾಗಿದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಹತ್ತನೇ ತರಗತಿ ಉತ್ತೀರ್ಣರಾಗದ ಕಾರ್ಮಿಕರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ವಲಸೆ ತಪಾಸಣೆ ಅಗತ್ಯವೆಂಬ ನಮೂದು ಇರುತ್ತದೆ. ಇದನ್ನೇ ಇ.ಸಿ.ಆರ್. ಎನ್ನುತ್ತಾರೆ. ಇಂಥವರು ಕೊಲ್ಲಿ ರಾಷ್ಟ್ರಗಳು, ಮಲೇಷ್ಯಾ ಮುಂತಾದ 18 ಅಧಿಸೂಚಿತ ದೇಶಗಳಿಗೆ ಉದ್ಯೋಗಕ್ಕೆ ತೆರಳುವಾಗ 2003ರಲ್ಲಿ ಆರಂಭವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಸೇರುವುದು ಕಡ್ಡಾಯ. 2017ರ ಪರಿಷ್ಕರಣೆಯಂತೆ ಇದರ ಕಂತು ತೆರಿಗೆ ಹೊರತುಪಡಿಸಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದ ಮರಣ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಪರಿಹಾರ 10 ಲಕ್ಷ ರೂಪಾಯಿ. ಪದವೀಧರ ಶಿಕ್ಷಕರ ಪಾಸ್‌ಪೋರ್ಟಿನಲ್ಲಿ ಈ ನಮೂದು ಇರುವುದಿಲ್ಲ. ಆದಕಾರಣ ಅವರಿಗೆ ವಲಸೆ ಅನುಮತಿಯೂ ಬೇಕಿಲ್ಲ, ಈ ವಿಮೆಯ ಕಡ್ಡಾಯವೂ ಇಲ್ಲ. ಕೂಲಿಗೆ ಹೋಗುವವರಿಗೆ ಸರ್ಕಾರವೇ ನಿಂತು ಮಾಡಿಸುವ ವಿಮೆಯನ್ನು ಪಾಠ ಹೇಳಲು ಹೋಗುವವರು ತಾವೇ ನೋಡಿಕೊಳ್ಳಬೇಕಾಗುತ್ತದೆ. ಓದಿದವರು ತಮ್ಮ ಕರಾರನ್ನು ತಾವೇ ಓದಿಕೊಳ್ಳಬಲ್ಲರೆಂಬ ಊಹೆ ಇದರ ಹಿಂದೆ ಇದ್ದಂತಿದೆ. ಈ ಊಹೆ ಎಲ್ಲ ಸಂದರ್ಭಗಳಲ್ಲೂ ನಿಜವಾಗುವುದಿಲ್ಲ.

ಊರಿನಲ್ಲಿ ಈಗಾಗಲೇ ಇರುವ ಕಾರ್ಡುಗಳು ವಿದೇಶದಲ್ಲಿ ಉಪಯೋಗಕ್ಕೆ ಬರುವುದಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುತ್ತದೆ. 2022-23ರಲ್ಲಿ ಮರುಜಾರಿಯಾದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯ ಕುಟುಂಬಗಳಿಗೂ ಅಷ್ಟೇ ಮಿತಿಯ ಸೌಲಭ್ಯ ನೀಡುತ್ತದೆ. ಎರಡೂ ನೋಂದಾಯಿತ ಆಸ್ಪತ್ರೆಗಳಿಗೆ ಸೀಮಿತ. ಮನೆಯಲ್ಲಿ ಉಳಿಯುವ ತಂದೆತಾಯಿಯರಿಗೆ ಇವು ಬೇಕೇ ಬೇಕು. ಹೋಗುವವರಿಗೆ ಇವುಗಳಿಂದ ರಕ್ಷಣೆಯಿಲ್ಲ.

ಆದುದರಿಂದ ರಕ್ಷಣೆಯು ಮುಖ್ಯವಾಗಿ ಹೋಗುವ ದೇಶದ ಕಾನೂನನ್ನೇ ಅವಲಂಬಿಸಿದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅಬುಧಾಬಿ ಮತ್ತು ದುಬೈ ಬಹಳ ಹಿಂದೆಯೇ ಉದ್ಯೋಗದಾತರ ಮೇಲೆ ವಿಮೆಯ ಹೊಣೆ ಹೊರಿಸಿದ್ದವು. 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್ ಸೇರಿದಂತೆ ಉಳಿದ ಐದು ಸಂಸ್ಥಾನಗಳ ಖಾಸಗಿ ವಲಯಕ್ಕೂ ಅದು ಕಡ್ಡಾಯವಾಗಿದೆ. ಆದರೆ ಕಡ್ಡಾಯವೆಂದರೆ ಸಾಕಷ್ಟು ಎಂದರ್ಥವಲ್ಲ. ಈ ಐದು ಸಂಸ್ಥಾನಗಳಿಗೆ ರೂಪಿಸಲಾದ ಮೂಲ ಪಾಲಿಸಿಯ ವಾರ್ಷಿಕ ಕಂತು 320 ದಿರ್ಹಾಂ ಮಾತ್ರ. ಅದರಲ್ಲಿ ಒಳರೋಗಿ ಚಿಕಿತ್ಸೆಯ ಶೇ. 20ರಷ್ಟನ್ನು ಮಿತಿಗೊಳಪಟ್ಟು ರೋಗಿಯೇ ಭರಿಸಬೇಕು. ದುಬೈನ ಮೂಲ ಪಾಲಿಸಿಯ ವಾರ್ಷಿಕ ಮಿತಿ 1,50,000 ದಿರ್ಹಾಂ ಎಂದು ನಿಗದಿಯಾಗಿತ್ತು. ಶಾಲೆಯು ‘ವೈದ್ಯಕೀಯ ಸೌಲಭ್ಯ ಉಂಟು’ ಎಂದು ಬರೆದಿದ್ದರೆ ಅದು ಈ ಮೂಲ ಪಾಲಿಸಿಯೋ ಅಥವಾ ಅದಕ್ಕಿಂತ ಮೇಲಿನದೋ ಎಂದು ಕೇಳತಕ್ಕದ್ದು. ಪತಿ, ಪತ್ನಿ, ಮಕ್ಕಳು ಸೇರಿದ್ದಾರೆಯೇ ಎಂಬುದು ಪ್ರತ್ಯೇಕ ಪ್ರಶ್ನೆ.

ದಕ್ಷಿಣ ಕೊರಿಯಾದ ವಿಷಯ ಬೇರೆ. 2010ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಡಿ, ಬೋಧನಾ ಅರ್ಹತೆಯುಳ್ಳ ಭಾರತೀಯರು ಅಲ್ಲಿ ಇಂಗ್ಲಿಷ್ ಸಹಾಯಕ ಬೋಧಕರಾಗಲು ಅವಕಾಶವಿದೆ. ಅಲ್ಲಿ ನೌಕರರೆಲ್ಲರೂ ರಾಷ್ಟ್ರೀಯ ಆರೋಗ್ಯ ವಿಮೆಗೆ ಒಳಪಡುತ್ತಾರೆ. ಕಂತಿನ ಅರ್ಧವನ್ನು ಉದ್ಯೋಗದಾತರು, ಉಳಿದರ್ಧವನ್ನು ನೌಕರರು ಕಟ್ಟುತ್ತಾರೆ. ಇಲ್ಲೇ ಒಂದು ತೊಡಕಿದೆ. ಕೆಲವು ಖಾಸಗಿ ಬೋಧನಾ ಸಂಸ್ಥೆಗಳು ಶಿಕ್ಷಕರನ್ನು ನೌಕರರೆನ್ನದೆ ‘ಸ್ವತಂತ್ರ ಗುತ್ತಿಗೆದಾರ’ರೆಂದು ಕರಾರಿನಲ್ಲಿ ಕಾಣಿಸಿ ತಮ್ಮ ಪಾಲಿನ ಅರ್ಧದಿಂದ ತಪ್ಪಿಸಿಕೊಳ್ಳುವುದುಂಟು. ಕೈಗೆ ಬರುವ ಸಂಬಳ ತುಸು ಹೆಚ್ಚೆಂದು ಕಾಣುವ ಕಾರಣ ಹೊಸಬರು ಒಪ್ಪಿಬಿಡುತ್ತಾರೆ. ಕರಾರಿನಲ್ಲಿ ಆ ಎರಡು ಪದಗಳು ಕಂಡುಬಂದಲ್ಲಿ ಸಹಿ ಮಾಡದೆ ವಿವರಣೆ ಕೇಳುವುದು ಸೂಕ್ತ. ಜಪಾನಿನಲ್ಲಿ ಮೂರು ತಿಂಗಳಿಗೂ ಮೀರಿ ವಾಸಿಸುವವರು ಸಾರ್ವಜನಿಕ ವಿಮೆಗೆ ಸೇರಬೇಕು. ವಯಸ್ಕರು ಸಾಮಾನ್ಯವಾಗಿ ವೆಚ್ಚದ ಶೇ. 30ರಷ್ಟನ್ನು ಭರಿಸುತ್ತಾರೆ.

ಅಮೆರಿಕಕ್ಕೆ ಜೆ-1 ವಿನಿಮಯ ವೀಸಾದಡಿ ತೆರಳುವ ಶಿಕ್ಷಕರಿಗೆ ಆ ದೇಶದ ನಿಯಮವೇ ಕನಿಷ್ಠ ಮಟ್ಟವನ್ನು ನಿಗದಿಪಡಿಸಿದೆ: ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ 1 ಲಕ್ಷ ಡಾಲರ್, ತುರ್ತು ವೈದ್ಯಕೀಯ ಸ್ಥಳಾಂತರಕ್ಕೆ 50 ಸಾವಿರ ಡಾಲರ್, ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತಲುಪಿಸಲು 25 ಸಾವಿರ ಡಾಲರ್, ರೋಗಿಯು ಮೊದಲು ಭರಿಸಬೇಕಾದ ಮೊತ್ತ 500 ಡಾಲರ್ ಮೀರಬಾರದು. ಅಲ್ಲಿನ ಆಸ್ಪತ್ರೆ ದರಗಳನ್ನು ನೋಡಿದರೆ 1 ಲಕ್ಷ ಡಾಲರ್ ದೊಡ್ಡ ಮೊತ್ತವೇನಲ್ಲ. ಆದರೂ ಬೇರೆ ಯಾವುದೇ ದೇಶದ ಪಾಲಿಸಿಯನ್ನು ಅಳೆಯಲು ಈ ನಾಲ್ಕು ಬಾಬುಗಳು ಒಳ್ಳೆಯ ಅಳತೆಗೋಲು. ಸ್ಥಳಾಂತರದ ಬಾಬನ್ನು ಹಲವರು ಅನಗತ್ಯವೆಂದು ಬಿಡುತ್ತಾರೆ. ಕೊಳ್ಳೇಗಾಲದಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಸುಮಾರು 60 ಕಿ.ಮೀ. ರಸ್ತೆ, ಭಾರತದ ಶಿಕ್ಷಕರು ಬಹುಕಾಲದಿಂದ ಸೇವೆ ಸಲ್ಲಿಸುತ್ತಿರುವ ಮಾಲ್ಡೀವ್ಸ್‌ನ ದೂರದ ದ್ವೀಪವೊಂದರ ಶಾಲೆಯಿಂದಾದರೆ ರೋಗಿಯನ್ನು ದೋಣಿಯಲ್ಲೋ ವಿಮಾನದಲ್ಲೋ ಸಾಗಿಸಬೇಕಾದೀತು.

ಪ್ರವಾಸ ವಿಮೆಯನ್ನೇ ಆರೋಗ್ಯ ವಿಮೆಯೆಂದು ತಿಳಿಯುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು ತಿಳುವಳಿಕೆ. ಪ್ರವಾಸ ವಿಮೆಯು ಅಲ್ಪಾವಧಿಯ ತುರ್ತು ಚಿಕಿತ್ಸೆಗೆ ಮೀಸಲು. ಮಧುಮೇಹ, ರಕ್ತದೊತ್ತಡದಂತಹ ಮುಂಚಿನಿಂದ ಇರುವ ಕಾಯಿಲೆಗಳು, ಹೆರಿಗೆ, ದೀರ್ಘ ಚಿಕಿತ್ಸೆ ಅದರಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಆದರೂ ಅದಕ್ಕೊಂದು ಸರಿಯಾದ ಉಪಯೋಗವಿದೆ: ವಿಮಾನ ಏರಿದ ದಿನದಿಂದ ಅಲ್ಲಿನ ವಿಮಾ ಕಾರ್ಡ್ ಕೈಸೇರುವ ದಿನದವರೆಗಿನ ವಾರಗಳಿಗೆ ಅದನ್ನು ಪಡೆಯಬಹುದು. ಪ್ರವಾಸಿ ವೀಸಾದಲ್ಲಿ ಬಂದು ಪಾಠ ಆರಂಭಿಸಿರಿ, ಉದ್ಯೋಗ ವೀಸಾ ನಂತರ ಮಾಡಿಸುತ್ತೇವೆ ಎಂದು ಏಜೆಂಟರು ಹೇಳಿದಲ್ಲಿ ಒಪ್ಪತಕ್ಕದ್ದಲ್ಲ. ಹಾಗೆ ಕೆಲಸ ಮಾಡುವಾಗ ಕಾಯಿಲೆ ಬಿದ್ದರೆ ಉದ್ಯೋಗದಾತರ ವಿಮೆ ಇರುವುದಿಲ್ಲ. ಪ್ರವಾಸ ವಿಮೆಯ ಕಂಪನಿಯೂ ಕ್ಲೇಮನ್ನು ತಿರಸ್ಕರಿಸಬಹುದು.

ಇನ್ನು ಊರಿನಲ್ಲಿ ಸ್ವಂತ ಪಾಲಿಸಿ ಹೊಂದಿರುವವರು ‘ಹೇಗೂ ಇಲ್ಲಿರುವುದಿಲ್ಲ’ ಎಂದು ಅದನ್ನು ಕೈಬಿಡುವುದು ಲೆಕ್ಕಾಚಾರದ ದೃಷ್ಟಿಯಿಂದ ನಷ್ಟವೇ. 2024ರ ನಿಯಮಗಳಂತೆ ಮುಂಚಿನ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. ಒಂದು ಪಾಲಿಸಿಗೆ ಈ ಪೂರ್ಣ ಅವಧಿ ಅನ್ವಯಿಸುತ್ತದೆ ಎಂದಿಟ್ಟುಕೊಳ್ಳೋಣ. ಪಾಲಿಸಿ ಮಾಡಿಸಿದೊಡನೆ ಎರಡು ವರ್ಷದ ಕರಾರಿನ ಮೇಲೆ ತೆರಳಿದವರು ಕಂತು ಕಟ್ಟುತ್ತ ಬಂದಲ್ಲಿ ಹಿಂದಿರುಗಿದಾಗ ಉಳಿಯುವುದು 12 ತಿಂಗಳು. ಕೈಬಿಟ್ಟಲ್ಲಿ ಮತ್ತೆ 36. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಕಂತಿನ ಮೇಲಿದ್ದ ಶೇ. 18ರ ಜಿ.ಎಸ್.ಟಿ. ರದ್ದಾಗಿರುವುದರಿಂದ ಹೊರೆಯೂ ತಗ್ಗಿದೆ. ವಿದೇಶ ವಾಸದ ವಿಷಯವನ್ನು ಕಂಪನಿಗೆ ಲಿಖಿತವಾಗಿ ತಿಳಿಸಿರಬೇಕು.

ಯಾವ ಪಾಲಿಸಿಯೇ ಇರಲಿ, ಆಸ್ಪತ್ರೆಯ ಬಿಲ್ಲನ್ನು ಭರಿಸುವುದಷ್ಟೇ ಅದರ ಕೆಲಸ. ಮಲಗಿದ ದಿನಗಳ ಸಂಬಳ ಅದರಲ್ಲಿ ಬರುವುದಿಲ್ಲ. ಇದು ಈ ಭಾಗದವರಿಗೆ ಅಪರಿಚಿತ ವಿಚಾರವಲ್ಲ. 2002ರ ಸುಮಾರಿಗೆ ಕರುಣಾ ಟ್ರಸ್ಟ್ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯೊಡನೆ ನಡೆಸಿದ ಬಡವರ ವಿಮಾ ಯೋಜನೆಯಲ್ಲಿ, ಆಸ್ಪತ್ರೆ ಸೇರಿದವರಿಗೆ ಔಷಧದ ಖರ್ಚಿನ ಜೊತೆಗೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟವನ್ನೂ ಕೊಡಲಾಗುತ್ತಿತ್ತು. ವಿದೇಶದ ಶಾಲೆಗಳ ಕರಾರಿನಲ್ಲಿ ಈ ಅಂಶವು ವಿಮೆಯಡಿ ಬರದೆ ‘ಅನಾರೋಗ್ಯ ರಜೆ’ ಎಂಬ ಶೀರ್ಷಿಕೆಯಡಿ ಇರುತ್ತದೆ. ಎಷ್ಟು ದಿನ ಪೂರ್ಣ ಸಂಬಳ, ಎಷ್ಟು ದಿನ ಅರ್ಧ, ಪರೀಕ್ಷಾರ್ಥ ಅವಧಿಯಲ್ಲಿ ಏನು ಎಂಬುದನ್ನು ಅಲ್ಲಿ ನೋಡತಕ್ಕದ್ದು.

ತೀರಾ ಸಂಕಷ್ಟದ ಸಂದರ್ಭದಲ್ಲಿ ಭಾರತೀಯ ರಾಯಭಾರ ಕಚೇರಿಗಳಲ್ಲಿ 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ತುರ್ತು ಚಿಕಿತ್ಸೆಗೆ ಅಥವಾ ಪಾರ್ಥಿವ ಶರೀರ ತರಿಸಲು ನೆರವು ಕೋರಬಹುದು. ಇದು ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಿ ನೀಡುವ ನೆರವು, ಹಕ್ಕಿನ ಮೊತ್ತವಲ್ಲ. ಮನೆಯವರು ಊರಿನಿಂದಲೇ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಅಹವಾಲು ದಾಖಲಿಸಬಹುದಾದ್ದರಿಂದ, ಪಾಸ್‌ಪೋರ್ಟ್, ವೀಸಾ, ಕರಾರು ಮತ್ತು ಪಾಲಿಸಿಯ ಪ್ರತಿಗಳನ್ನು ಅವರಲ್ಲಿ ಬಿಟ್ಟು ಹೋಗುವುದು. ಭಾರತದ ಕಂಪನಿಯಿಂದ ಪಡೆದ ಪಾಲಿಸಿಯ ಬಗ್ಗೆ ತಕರಾರಿದ್ದಲ್ಲಿ ಮೊದಲು ಆ ಕಂಪನಿಗೆ ಲಿಖಿತ ದೂರು ನೀಡಿ, ಪರಿಹಾರ ದೊರೆಯದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಿದೇಶಿ ಶಾಲೆಯು ಅಲ್ಲಿನ ಕಂಪನಿಯಲ್ಲಿ ಮಾಡಿಸಿದ ಪಾಲಿಸಿಯು ಲೋಕಪಾಲರ ವ್ಯಾಪ್ತಿಗೆ ಬರುವುದಿಲ್ಲ. ಅದರ ದೂರನ್ನು ಆ ದೇಶದ ವಿಮಾ ನಿಯಂತ್ರಕರಿಗೇ ಸಲ್ಲಿಸಬೇಕಾಗುತ್ತದೆ.