ಹಡಗು ಮಂಗಳೂರಿಗೆ ಬಂತು, ಬೇಲೂರಿಗೇನು ಬಂತು?

ಬೇಲೂರು: ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು 2029ರೊಳಗೆ ಇಮ್ಮಡಿಗೊಳಿಸುವ ಗುರಿಯೊಂದಿಗೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ‘ಕ್ರೂಸ್ ಭಾರತ್’ ಅಭಿಯಾನಕ್ಕೆ ಚಾಲನೆ ನೀಡಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದವು. ಎರಡನ್ನೂ ಜೋಡಿಸಿ ಕನಸು ಕಾಣುವುದು ಸುಲಭ. ಆದರೆ ನಡುವೆ ಘಟ್ಟವಿದೆ.

ನವಮಂಗಳೂರು ಬಂದರಿಗೆ ಬೆಳಿಗ್ಗೆ ಬಂದ ವಿಲಾಸಿ ಹಡಗು ಸಾಮಾನ್ಯವಾಗಿ ಸಂಜೆಗೇ ಲಂಗರು ಎತ್ತುತ್ತದೆ. ಅಷ್ಟರೊಳಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕಾರ್ಕಳದ ಗೊಮ್ಮಟನನ್ನೋ ನೋಡಿ ಮರಳಬಹುದು. ಸುಮಾರು 150 ಕಿ.ಮೀ. ದೂರದ ಬೇಲೂರಿಗೆ ಘಾಟಿ ಹತ್ತಿ ಇಳಿಯುವುದರಲ್ಲೇ ದಿನ ಮುಗಿಯುತ್ತದೆ. ಅಂಥ ಸಾಹಸಕ್ಕಿಳಿಯುವವರು ವಿರಳ. ಹಡಗಿನ ಲಾಭ ಕರಾವಳಿಯಲ್ಲೇ ಇಂಗುತ್ತದೆ.

ಹೊಯ್ಸಳರ ಊರುಗಳಿಗೆ ಬೇಕಿರುವುದು ಹಡಗಿನ ಪ್ರವಾಸಿಯಲ್ಲ, ಒಂದು ರಾತ್ರಿ ತಂಗುವ ಪ್ರವಾಸಿ. ಆತ ಉಳಿದರೆ ಮಾತ್ರ ಮಾರ್ಗದರ್ಶಿಗೆ ಮರುದಿನದ ಕೆಲಸ, ಖಾನಾವಳಿಗೆ ರಾತ್ರಿಯ ವ್ಯಾಪಾರ. ಬೆಂಗಳೂರಿನಿಂದ ಬಂದು ಅಂದೇ ಹಿಂದಿರುಗುವವರಿಂದ ಇದು ಆಗದು. ಪ್ರಯಾಣಿಕರು ಹಾದುಹೋದ ಮಾತ್ರಕ್ಕೆ ಊರು ಉದ್ಧಾರವಾಗುವುದಿಲ್ಲವೆಂಬುದಕ್ಕೆ ಅರಸೀಕೆರೆಯೇ ಸಾಕ್ಷಿ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಈ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರಿಗೆ ಬರವಿಲ್ಲ. ಅದೇ ಊರಿನಲ್ಲಿ, 1220ರ ಸುಮಾರಿಗೆ ಕಟ್ಟಿದ, ನಕ್ಷತ್ರಾಕಾರದ ಮಂಟಪವುಳ್ಳ ಶಿವಾಲಯದತ್ತ ಹೊರಳುವವರು ಮಾತ್ರ ಬೆರಳೆಣಿಕೆಯಷ್ಟು.