ಪಿಎಚ್‌.ಡಿ. ನೋಂದಣಿ: ಗಡುವು ವಿದ್ಯಾರ್ಥಿಗಷ್ಟೇ ಏಕೆ?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌.ಡಿ. ನಿಯಮಾವಳಿಯಲ್ಲಿ ಎರಡು ಗಡುವುಗಳಿವೆ. ಒಂದು ವಿದ್ಯಾರ್ಥಿಯದು: ಪ್ರವೇಶ ಪಡೆದ ದಿನದಿಂದ ಆರು ವರ್ಷದೊಳಗೆ ಪ್ರಬಂಧ ಸಲ್ಲಿಸಬೇಕು. ಇನ್ನೊಂದು ವಿಶ್ವವಿದ್ಯಾಲಯದ್ದು: ಪ್ರಬಂಧ ಕೈಸೇರಿದ ಆರು ತಿಂಗಳೊಳಗೆ ಮೌಲ್ಯಮಾಪನ ಮಾಡಿಸಿ, ಮೌಖಿಕ ಪರೀಕ್ಷೆ ನಡೆಸಿ, ಫಲಿತಾಂಶ ಪ್ರಕಟಿಸಬೇಕು. ಮೊದಲನೆಯದು ಮೀರಿದರೆ ವಿದ್ಯಾರ್ಥಿ ಮರುನೋಂದಣಿಗೆ ಅರ್ಜಿ ಹಿಡಿದು ನಿಲ್ಲಬೇಕು, ಶುಲ್ಕ ಕಟ್ಟಬೇಕು. ಅದೂ ಮುಗಿದರೆ ನೋಂದಣಿಯೇ ರದ್ದು. ಎರಡನೆಯದು ಮೀರಿದರೆ ಯಾರಿಗೂ ಏನೂ ಆಗುವುದಿಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡುತ್ತಿರುವವರ ಪಾಡು ಅರ್ಥವಾಗಬೇಕಾದರೆ ಈ ವ್ಯತ್ಯಾಸವನ್ನು ಮೊದಲು ನೋಡಬೇಕು.

ಆರು ವರ್ಷದ ಮಿತಿಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನೋಂದಣಿ ಮಾಡಿಸಿಕೊಂಡು, ಹಾಸ್ಟೆಲ್‌ ಕೋಣೆ ಹಿಡಿದುಕೊಂಡು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ ವರ್ಷಗಟ್ಟಲೆ ಕಾಲ ತಳ್ಳಿದವರು ಎಲ್ಲ ಕ್ಯಾಂಪಸ್‌ಗಳಲ್ಲೂ ಇದ್ದರು. ಒಬ್ಬರು ಹೀಗೆ ಸೀಟು ಹಿಡಿದು ಕುಳಿತರೆ ಇನ್ನೊಬ್ಬರ ದಾರಿ ಮುಚ್ಚುತ್ತದೆ. ಹೊಸ ನಿಯಮಾವಳಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಎಂದಿದೆ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ಕೊಡಲು ಅವಕಾಶವಿದೆ. ಮಹಿಳೆಯರಿಗೆ ಹಾಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ ಎರಡು ವರ್ಷ ಸಿಗುತ್ತದೆ. ಇದು ಉದಾರವಾದ ಲೆಕ್ಕವೇ. ತಕರಾರು ಇರುವುದು ಈ ಆರು ವರ್ಷದಲ್ಲಿ ಎಷ್ಟು ದಿನ ನಿಜವಾಗಿ ವಿದ್ಯಾರ್ಥಿಯ ಕೈಯಲ್ಲಿರುತ್ತದೆ ಎಂಬುದರ ಬಗ್ಗೆ.

ಲೆಕ್ಕ ಶುರುವಾಗುವುದು ಪ್ರವೇಶದ ದಿನದಿಂದ. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್‌ ಅದರೊಳಗೇ ಬರುತ್ತದೆ. ಶೇ 55 ಅಂಕ ಬಾರದೆ ಮುಂದಕ್ಕೆ ಹೋಗುವಂತಿಲ್ಲ. ತರಗತಿ ನಡೆಸುವುದು, ಪರೀಕ್ಷೆಯ ದಿನ ಗೊತ್ತು ಮಾಡುವುದು, ಫಲಿತಾಂಶ ಕೊಡುವುದು ಮೂರೂ ವಿಶ್ವವಿದ್ಯಾಲಯದ ಕೆಲಸ. ಒಂದು ವಿಭಾಗದಲ್ಲಿ ಮೂವರೋ ನಾಲ್ವರೋ ಸಂಶೋಧಕರಿದ್ದರೆ ಅವರಿಗಾಗಿ ಪ್ರತ್ಯೇಕ ಪರೀಕ್ಷೆ ಏಕೆ, ಮುಂದಿನ ತಂಡದ ಜೊತೆಗೇ ಬರೆಯಲಿ ಎಂಬ ಒಂದು ಮಾತಿನಲ್ಲಿ ಆರು ತಿಂಗಳು ಕರಗಿಹೋಗುತ್ತದೆ. ಕೋರ್ಸ್‌ವರ್ಕ್‌ ಮುಗಿಸಿದವರ ವಿಷಯ, ಶೀರ್ಷಿಕೆ ಅಂಗೀಕಾರವಾಗಬೇಕಾದರೆ ಸಂಶೋಧನಾ ಸಲಹಾ ಸಮಿತಿ ಸೇರಬೇಕು. ನಿಯಮದ ಪ್ರಕಾರ ಅದು ಪ್ರತಿ ಸೆಮಿಸ್ಟರ್‌ ಸೇರಬೇಕು. ಕೋರಂ ಇಲ್ಲದೆ, ಕುಲಪತಿಗಳ ಅವಧಿ ಮುಗಿದು ಹಂಗಾಮಿಗಳ ಕಾಲ ನಡೆಯುತ್ತಿದೆ ಎಂಬ ನೆಪದಲ್ಲಿ, ಸಭೆ ಮುಂದಕ್ಕೆ ಹೋದರೆ ಆ ತಿಂಗಳುಗಳೂ ವಿದ್ಯಾರ್ಥಿಯ ಖಾತೆಗೇ.

ಆರು ತಿಂಗಳಿಗೊಮ್ಮೆ ಕೊಡಬೇಕಾದ ಪ್ರಗತಿ ವರದಿಯನ್ನೇ ನೋಡಿ. ಎರಡು ಪುಟದ ಫಾರ್ಮು. ಅದರ ಹಿಂದೆ ಶುಲ್ಕದ ಚಲನ್‌, ಹಾಜರಾತಿ ಪತ್ರ. ಮಾರ್ಗದರ್ಶಕರ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ಪಿಎಚ್‌.ಡಿ. ವಿಭಾಗದ ವಿಷಯ ನಿರ್ವಾಹಕರ ಮೇಜು. ಮಾರ್ಗದರ್ಶಕರು ಮೌಲ್ಯಮಾಪನಕ್ಕೋ ಸ್ಥಳೀಯ ವಿಚಾರಣಾ ಸಮಿತಿಗೋ ಹೊರಟುಹೋಗಿದ್ದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಸ್ವೀಕೃತಿ ಇಲ್ಲ. ದಿನ ಮೀರಿದರೆ ದಂಡ. ದಂಡ ಕಟ್ಟುವವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಫೆಲೋಶಿಪ್‌ ಇರುವವರ ವಿಷಯದಲ್ಲಿ ಇದು ಇನ್ನೂ ಬಿಗಿ. ಕಿರಿಯ ಸಂಶೋಧನಾ ಫೆಲೋಶಿಪ್‌ (ಜೆಆರ್‌ಎಫ್‌) ಹಣ ಬರಬೇಕಾದರೆ ವಿಶ್ವವಿದ್ಯಾಲಯದ ಸಿಬ್ಬಂದಿಯೊಬ್ಬರು ಪ್ರತಿ ತಿಂಗಳು ಪೋರ್ಟಲ್‌ನಲ್ಲಿ ನಮೂದಿಸಬೇಕು, ಇನ್ನೊಬ್ಬರು ಅದನ್ನು ಪರಿಶೀಲಿಸಿ ದೃಢೀಕರಿಸಬೇಕು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ 37,000 ರೂಪಾಯಿ ಆ ತಿಂಗಳು ಬರುವುದಿಲ್ಲ, ಊರಿನಿಂದ ಹಣ ತರಿಸಬೇಕು. ಅಂದಹಾಗೆ, ಜೆಆರ್‌ಎಫ್‌ ಮತ್ತು ಅದರ ಮುಂದಿನ ಹಿರಿಯ ಫೆಲೋಶಿಪ್‌ (ಎಸ್‌ಆರ್‌ಎಫ್‌) ಸೇರಿ ಸಿಗುವುದು ಐದು ವರ್ಷ. ನೋಂದಣಿ ಆರು ವರ್ಷ. ಕೊನೆಯ ವರ್ಷವನ್ನು ಕೈಖಾಲಿಯಲ್ಲಿ ಕಳೆಯಬೇಕೆಂದು ನಿಯಮವೇ ಬರೆದಿಟ್ಟಂತಿದೆ.

ಇದಿಷ್ಟು ಒಳಗೆ ಬಂದವರ ಕಥೆ. ಬಾಗಿಲಿನಲ್ಲಿ ನಿಂತವರದು ಬೇರೆ. ಪ್ರತಿ ವಿಶ್ವವಿದ್ಯಾಲಯವೂ ಬೇರೆ ಬೇರೆ ಪ್ರವೇಶ ಪರೀಕ್ಷೆ ನಡೆಸುವ ಬದಲು ರಾಷ್ಟ್ರೀಯ ಅರ್ಹತಾ ಪರೀಕ್ಷೆಯ (ನೆಟ್‌) ಅಂಕವನ್ನೇ ಬಳಸಬಹುದು ಎಂದು ಯುಜಿಸಿ 2024ರ ಮಾರ್ಚ್‌ನಲ್ಲಿ ತಿಳಿಸಿತು. ನೆಟ್‌ಗೆ ಶೇ 70, ಸಂದರ್ಶನಕ್ಕೆ ಶೇ 30. ಊರೂರು ತಿರುಗಿ ಅರ್ಜಿ ಶುಲ್ಕ ಕಟ್ಟುವುದು ತಪ್ಪುತ್ತದೆ ಎಂಬ ಕಾರಣಕ್ಕೆ ಇದು ಒಳ್ಳೆಯ ಯೋಚನೆಯಾಗಿಯೇ ಕಂಡಿತು. ಆದರೆ ಆ ವ್ಯವಸ್ಥೆಯ ಮೊದಲ ಪರೀಕ್ಷೆಯೇ 2024ರ ಜೂನ್‌ 18ರಂದು ನಡೆದು ಮರುದಿನ ರದ್ದಾಯಿತು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಬರೆದಿದ್ದ ಪರೀಕ್ಷೆಯದು. ಮರುಪರೀಕ್ಷೆ ಆಗಸ್ಟ್‌ ಕೊನೆಯಿಂದ ಸೆಪ್ಟೆಂಬರ್‌ ಮೊದಲ ವಾರದವರೆಗೆ ನಡೆದು, ಫಲಿತಾಂಶ ಬರುವಷ್ಟರಲ್ಲಿ ಅಕ್ಟೋಬರ್‌. ಸ್ವಂತ ಪರೀಕ್ಷೆ ಕೈಬಿಟ್ಟು ಅದನ್ನೇ ನೆಚ್ಚಿಕೊಂಡವರು ಕಾಯಬೇಕಾಯಿತು.

ನಮ್ಮ ಮಟ್ಟಿಗೆ ಇನ್ನೂ ದೊಡ್ಡ ತೊಡಕು ಎರಡಿವೆ. ಜೆಆರ್‌ಎಫ್‌ ಸಿಗದೆ ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ ಅರ್ಹತೆ ಪಡೆದವರ ನೆಟ್‌ ಅಂಕಕ್ಕೆ ಒಂದೇ ವರ್ಷ ಆಯುಸ್ಸು. ಆ ವರ್ಷ ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸದಿದ್ದರೆ ಅಂಕ ಹಾಳು. ಮೀಸಲಾತಿ ರೋಸ್ಟರ್‌ ಅಂತಿಮವಾಗಿಲ್ಲ, ಗೈಡ್‌ಗಳ ಪಟ್ಟಿ ಬಂದಿಲ್ಲ ಎಂದು ಒಂದು ವರ್ಷ ಅಧಿಸೂಚನೆ ಬಿಟ್ಟುಹೋಗುವುದು ನಮ್ಮಲ್ಲಿ ಅಪರೂಪದ ಸಂಗತಿಯಲ್ಲ. ಇನ್ನೊಂದು ಭಾಷೆಯದು. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್‌ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್‌ ಮತ್ತು ಹಿಂದಿಯಲ್ಲಿ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಕನ್ನಡ ಮಾಧ್ಯಮದಲ್ಲಿ ಎಂ.ಎ. ಮಾಡಿ, ಕನ್ನಡದಲ್ಲೇ ಪ್ರಬಂಧ ಬರೆಯಬಲ್ಲ ಹುಡುಗಿಯೊಬ್ಬಳು ಒಳಗೆ ಬರಬೇಕಾದರೆ ತನಗೆ ಹಿಡಿತವಿಲ್ಲದ ಭಾಷೆಯಲ್ಲಿ ಪರೀಕ್ಷೆ ಗೆಲ್ಲಬೇಕು; ಹಿಂದಿ ಸೀಮೆಯವರಿಗೆ ಆ ಕಷ್ಟವಿಲ್ಲ. ಕನ್ನಡದ ಪ್ರಶ್ನೆಪತ್ರಿಕೆಯೂ ಇರುವ ಕೆ-ಸೆಟ್‌ ಎಂಬ ಪರೀಕ್ಷೆಯನ್ನು ರಾಜ್ಯ ತಾನೇ ನಡೆಸುತ್ತದೆ. ಅಧ್ಯಾಪಕರಾಗಲು ಸಾಕೆನಿಸುವ ಆ ಅರ್ಹತೆ ವಿದ್ಯಾರ್ಥಿಯಾಗಲು ಸಾಲದು ಎಂದರೆ ಯಾರಾದರೂ ಒಪ್ಪುತ್ತಾರೆಯೇ? ನೆಟ್‌ ಬಳಕೆಯನ್ನು ಯುಜಿಸಿ ಕಡ್ಡಾಯ ಮಾಡಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳೆಲ್ಲ ಕೆ-ಸೆಟ್‌ಗೆ ನೆಟ್‌ನ ಸರಿಸಮನಾದ ಮನ್ನಣೆ ಕೊಡಲು ಅಡ್ಡಿಯೇನು?

ಗೈಡ್‌ಗಳ ಕೊರತೆಯನ್ನು ಮಾತ್ರ ನಿಯಮ ತಿದ್ದಿ ಸರಿಪಡಿಸಲಾಗದು. ಒಬ್ಬ ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳು ಎಂಬ ಮಿತಿ ಇದೆ. ಅವರು ಕಾಯಂ ಅಧ್ಯಾಪಕರಾಗಿರಬೇಕು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಮೂರೂ ನ್ಯಾಯವಾದ ಷರತ್ತುಗಳೇ. ಆದರೆ ನಿವೃತ್ತರ ಜಾಗಕ್ಕೆ ನೇಮಕಾತಿ ಮಾಡದೆ, ಅತಿಥಿ ಉಪನ್ಯಾಸಕರಿಂದಲೇ ವಿಭಾಗ ನಡೆಸುವ ಸರ್ಕಾರಕ್ಕೆ ಈ ಷರತ್ತುಗಳು ತಿಳಿದಿಲ್ಲವೇ? ಒಬ್ಬ ಪ್ರಾಧ್ಯಾಪಕರ ಹುದ್ದೆ ಖಾಲಿ ಬಿಟ್ಟರೆ ಎಂಟು ಪಿಎಚ್‌.ಡಿ. ಸೀಟುಗಳೂ ಹೋದಂತೆ. ಹುದ್ದೆ ಭರ್ತಿಗೆ ಆರ್ಥಿಕ ಇಲಾಖೆ ಒಪ್ಪಿಗೆ ಕೊಡದಿದ್ದಾಗ ಈ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ನಡುವೆಯೇ ಗೈಡ್‌ ನಿವೃತ್ತರಾದರೆ ಅಥವಾ ತೀರಿಕೊಂಡರೆ ಬದಲಿ ಮಾರ್ಗದರ್ಶಕರನ್ನು ಹುಡುಕಿಕೊಳ್ಳುವ ಹೊಣೆ ವಾಸ್ತವದಲ್ಲಿ ವಿದ್ಯಾರ್ಥಿಯ ತಲೆಗೇ ಬೀಳುತ್ತದೆ. ಅವರು ಒಬ್ಬೊಬ್ಬರ ಕೋಣೆಯ ಮುಂದೆ ನಿಂತು ಕೇಳಿಕೊಳ್ಳಬೇಕು.

2022ರ ನಿಯಮಾವಳಿ ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಬೇಕು. ಪ್ರಬಂಧ ಸಲ್ಲಿಸುವ ಮೊದಲು ನಿಯತಕಾಲಿಕದಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ಹಿಂದಿನ ಕಡ್ಡಾಯ ಈಗ ಇಲ್ಲ. ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಅಂಗಡಿಗಳಿಗೆ ಅದರಿಂದ ಪೆಟ್ಟು ಬಿದ್ದಿದ್ದರೆ ಸಂತೋಷ. ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ಇಂಥ ಸೌಲಭ್ಯ ಇದೆ ಎಂದು ಪಿಎಚ್‌.ಡಿ. ವಿಭಾಗದ ಕಿಟಕಿಯಲ್ಲಿ ಹೇಳುವವರು ಇದ್ದರೆ ಇನ್ನೂ ಸಂತೋಷ.

ಹಾಗಾದರೆ ಮಾಡಬೇಕಾದ್ದೇನು? ವಿಶ್ವವಿದ್ಯಾಲಯದಿಂದ ಆದ ವಿಳಂಬವನ್ನು ವಿದ್ಯಾರ್ಥಿಯ ಲೆಕ್ಕದಿಂದ ಕಳೆಯಬೇಕು. ಕೋರ್ಸ್‌ವರ್ಕ್‌ ಪರೀಕ್ಷೆ ನಡೆಯದ ತಿಂಗಳು, ಸಲಹಾ ಸಮಿತಿ ಸೇರದ ಸೆಮಿಸ್ಟರ್‌, ಗೈಡ್‌ ಇಲ್ಲದೆ ಕಳೆದ ಕಾಲ ಇವೆಲ್ಲ ಕಡತದಲ್ಲಿ ದಾಖಲಾಗುವ ಸಂಗತಿಗಳೇ. ಯುಜಿಸಿಯ ಗರಿಷ್ಠ ಮಿತಿಯನ್ನು ವಿಶ್ವವಿದ್ಯಾಲಯ ದಾಟುವಂತಿಲ್ಲ, ನಿಜ. ಆದರೆ ಮರುನೋಂದಣಿಯ ಎರಡು ವರ್ಷವನ್ನು ಯಾರಿಗೆ, ಯಾವ ಷರತ್ತಿನ ಮೇಲೆ, ಎಷ್ಟು ಶುಲ್ಕಕ್ಕೆ ಕೊಡಬೇಕೆಂದು ತೀರ್ಮಾನಿಸುವುದು ಆಯಾ ವಿಶ್ವವಿದ್ಯಾಲಯದ ವಿನಿಯಮವೇ. ಕಡತದಲ್ಲಿ ಸಾಬೀತಾದ ವಿಳಂಬದಷ್ಟು ಅವಧಿಯನ್ನು ಅರ್ಜಿ, ಶುಲ್ಕ, ದಂಡ ಯಾವುದೂ ಇಲ್ಲದೆ ಅದರಲ್ಲಿ ಸೇರಿಸಿಕೊಡಲು ದೆಹಲಿಯ ಅನುಮತಿ ಬೇಕಿಲ್ಲ. ಶೈಕ್ಷಣಿಕ ಮಂಡಳಿಯ ಒಂದು ಸಭೆ, ಸಿಂಡಿಕೇಟಿನ ಒಂದು ನಿರ್ಣಯದಿಂದ ಇದನ್ನು ಶುರು ಮಾಡಬಹುದು. ಸಲ್ಲಿಕೆಯಾಗಿ ಆರು ತಿಂಗಳು ಕಳೆದರೂ ವೈವಾ ನಡೆಯದ ಪ್ರಬಂಧಗಳ ಪಟ್ಟಿಯನ್ನು ಅದೇ ಸಭೆಯ ಕಾರ್ಯಸೂಚಿಗೆ ಲಗತ್ತಿಸಲಿ. ಪ್ರತಿ ಹೆಸರಿನ ಮುಂದೆ ಫೈಲು ಯಾರ ಮೇಜಿನ ಮೇಲಿದೆ, ಎಂದಿನಿಂದ ಇದೆ ಎಂಬುದೂ ಇರಲಿ.