ಸರಾಸರಿಯ ಮರೆಯಲ್ಲಿರುವ ಮಕ್ಕಳು

ಬೇಸಗೆ ಬಂದಿತೆಂದರೆ ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶದ ಮಾತು. ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬುದೇ ಅಂದಿನ ಚರ್ಚೆ. ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿಯೂ ಶಿವಮೊಗ್ಗ ಜಿಲ್ಲೆಗೆ ಎಷ್ಟನೆಯ ಸ್ಥಾನವೆಂದು ಕೇಳಿ ಹಿಗ್ಗುವವರುಂಟು, ಕುಗ್ಗುವವರುಂಟು. ಈ ಹಿಗ್ಗು ಕುಗ್ಗುಗಳಿಗೆ ಆಧಾರವೆಷ್ಟೆಂಬುದನ್ನು ವಿಚಾರಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ.

೨೦೨೩ರಲ್ಲಿ ರಾಜ್ಯದಲ್ಲಿ ಶೇಕಡಾ ೮೩.೮೯ರಷ್ಟು ಮಕ್ಕಳು ತೇರ್ಗಡೆಯಾಗಿದ್ದರು. ೨೦೨೪ರಲ್ಲಿ ಆ ಪ್ರಮಾಣ ೭೩.೪೦ಕ್ಕೆ ಇಳಿಯಿತು. ಆದರೆ ಶಿವಮೊಗ್ಗ ೨೮ನೆಯ ಸ್ಥಾನದಿಂದ ೩ನೆಯದಕ್ಕೆ ಏರಿತು. ಮೊದಲನೆಯದಾಗಿದ್ದ ಚಿತ್ರದುರ್ಗ ೨೧ಕ್ಕೆ ಇಳಿಯಿತು. ಹನ್ನೆರಡು ತಿಂಗಳಲ್ಲಿ ಒಂದು ಜಿಲ್ಲೆಯ ಮಕ್ಕಳ ಬುದ್ಧಿ ಇಷ್ಟು ಚಿಗುರಿ, ಇನ್ನೊಂದರ ಮಕ್ಕಳದು ಇಷ್ಟು ಬಾಡಿತೆಂದು ನಂಬುವುದು ಹೇಗೆ? ಬದಲಾದದ್ದು ಅಳತೆಗೋಲು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗಿನ ಕಾವಲು ಬಂದಿತು; ಕೃಪಾಂಕದ ಮಿತಿಯನ್ನು ಶೇಕಡಾ ೧೦ರಿಂದ ೨೦ಕ್ಕೆ ಏರಿಸಲಾಯಿತು. ಒಂದು ಕೈ ಬಿಗಿಯಿತು, ಇನ್ನೊಂದು ಸಡಿಲಿತು. ಈ ಎರಡು ವರ್ಷಗಳನ್ನು ಒಂದೇ ಗೆರೆಯಿಂದ ಜೋಡಿಸಿ ಏರಿಳಿತ ತೋರಿಸುವ ನಕ್ಷೆ ಅಂದವಾಗಿರಬಹುದು, ಅರ್ಥವುಳ್ಳದ್ದಾಗಲಾರದು.

ಸ್ಥಾನವೆಂಬುದೂ ಅಷ್ಟೇ ಮೋಸದ ಅಂಕಿ. ೨೦೨೫ರ ಮೊದಲ ಪರೀಕ್ಷೆಯಲ್ಲಿ ಉಡುಪಿಗೆ ಎರಡನೆಯ ಸ್ಥಾನ, ೮೯.೯೬; ಉತ್ತರ ಕನ್ನಡಕ್ಕೆ ಮೂರನೆಯದು, ೮೩.೧೯. ಶಿವಮೊಗ್ಗ ೮೨.೨೯ರಿಂದ ನಾಲ್ಕನೆಯದು, ಕೊಡಗು ೮೨.೨೧ರಿಂದ ಐದನೆಯದು. ಎರಡು ಮತ್ತು ಮೂರರ ನಡುವೆ ಆರೂಮುಕ್ಕಾಲರಷ್ಟು ಅಂತರ. ನಾಲ್ಕು ಮತ್ತು ಐದರ ನಡುವೆ ಒಂದರ ಹತ್ತನೆಯ ಒಂದು ಪಾಲೂ ಇಲ್ಲ. ಪಟ್ಟಿಯಲ್ಲಿ ಎರಡೂ ಒಂದೊಂದು ಮೆಟ್ಟಿಲು. ಇವನ್ನೇ ಸೊನ್ನೆಯಿಂದ ಆರಂಭವಾಗುವ ಕಂಬಗಳಾಗಿ ಬರೆದು ನೋಡಿರಿ: ಶಿವಮೊಗ್ಗ, ಕೊಡಗುಗಳ ಎತ್ತರ ಕಣ್ಣಿಗೆ ಒಂದೇ. ನಕ್ಷೆಯ ಉಪಕಾರ ಇದು. ಆದರೆ ಕಂಬಗಳನ್ನು ೮೨ರಿಂದಲೇ ಎಬ್ಬಿಸಿದರೆ ಕೊಡಗು ಕುಳ್ಳಾಗಿ, ಶಿವಮೊಗ್ಗ ದೈತ್ಯನಾಗಿ ಕಾಣುತ್ತದೆ. ನಕ್ಷೆಯ ಅಪಕಾರವೂ ಇದೇ.

ಇಷ್ಟಾದರೂ ನಾವಿನ್ನೂ ಜಿಲ್ಲೆಯಲ್ಲಿಯೇ ಇದ್ದೇವೆ, ಸೊರಬಕ್ಕೆ ಬಂದಿಲ್ಲ. ೨೦೦೫ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯವರು ಮಕ್ಕಳ ಓದು ಲೆಕ್ಕಗಳನ್ನು ಪರೀಕ್ಷಿಸಲು ಮನೆಗಳಿಗೇ ಹೋಗುತ್ತಾರೆ. ಇದು ಶ್ಲಾಘ್ಯ, ಶಾಲೆಯಲ್ಲಿ ಕುಳಿತು ಎಣಿಸುವವನಿಗೆ ಅಂದು ಬಾರದ ಮಗು ಕಾಣುವುದಿಲ್ಲ. ಆದರೆ ಅವರ ಕ್ರಮದಂತೆ ಜಿಲ್ಲೆಗೆ ೩೦ ಹಳ್ಳಿ, ಹಳ್ಳಿಗೆ ೨೦ ಮನೆ, ಒಟ್ಟು ೬೦೦ ಮನೆ. ಅಡಿಕೆ ತೋಟಗಳ ಸೊರಬ, ಮೆಕ್ಕೆಜೋಳದ ಹೊಲಗಳ ಶಿಕಾರಿಪುರ ಎಂದು ಬಿಡಿಸಿ ಹೇಳುವ ಶಕ್ತಿ ಆ ಲೆಕ್ಕಕ್ಕಿಲ್ಲ. ಅದರ ಉದ್ದೇಶವೂ ಅದಲ್ಲ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿ ಮಯೂರಶರ್ಮನು ಗುರುವಿನೊಡನೆ ವಿದ್ಯೆಗಾಗಿ ಕಂಚಿಗೆ ಹೋದ ಸಂಗತಿಯಿದೆ. ವಿದ್ಯೆಗಾಗಿ ದೂರ ನಡೆಯುವುದು ಈ ಸೀಮೆಗೆ ಹೊಸತಲ್ಲ. ಹಾಗಾದರೆ ಈಗಿನ ಮಕ್ಕಳನ್ನೇ ಕೇಳೋಣ: ಶಾಲೆಗೆ ಬರಲು ಎಷ್ಟು ಹೊತ್ತು? ಒಂದು ತರಗತಿಯ ಹತ್ತು ಮಕ್ಕಳು ೧೦, ೧೦, ೧೫, ೧೫, ೨೦, ೨೦, ೨೫, ೨೫, ೭೦, ೯೦ ನಿಮಿಷವೆಂದು ಹೇಳಿದರೆನ್ನಿ. ಇದು ನನ್ನ ಊಹೆಯ ಉದಾಹರಣೆ. ಸರಾಸರಿ ೩೦. ಇನ್ನೊಂದು ತರಗತಿಯ ಹತ್ತು ಮಕ್ಕಳಲ್ಲಿ ಇಬ್ಬರಿಗೆ ೨೫, ಆರು ಮಂದಿಗೆ ೩೦, ಇಬ್ಬರಿಗೆ ೩೫. ಅಲ್ಲಿಯೂ ಸರಾಸರಿ ೩೦. ಕಚೇರಿಯ ಕಾಗದದಲ್ಲಿ ಎರಡೂ ಸರಿಸಮಾನ.

ಕರಿಹಲಗೆಯ ಮೇಲೆ ಒಂದು ಗೆರೆ ಎಳೆದು, ಮಗುವಿಗೊಂದರಂತೆ ಚುಕ್ಕೆಯಿಡಿರಿ. ಎರಡನೆಯ ತರಗತಿಯ ಚುಕ್ಕೆಗಳು ಒತ್ತಾಗಿ ಕೂಡುತ್ತವೆ. ಮೊದಲನೆಯದರಲ್ಲಿ ಎಂಟು ಚುಕ್ಕೆಗಳು ಈಚೆ. ಎರಡು ಮಾತ್ರ ದೂರದಲ್ಲಿ ಒಂಟಿ. ಅಲ್ಲಿ ಮೂವತ್ತು ನಿಮಿಷದ ಮಗು ಒಂದೂ ಇಲ್ಲ! ಮಕ್ಕಳನ್ನು ಕ್ರಮವಾಗಿ ನಿಲ್ಲಿಸಿ ನಡುವೆ ಸಿಕ್ಕುವ ಮಧ್ಯಾಂಕ ೨೦. ಸಾಮಾನ್ಯ ಮಗುವಿನ ಸ್ಥಿತಿಗೆ ಅದೇ ಹತ್ತಿರ. ಸರಾಸರಿಗೂ ಮಧ್ಯಾಂಕಕ್ಕೂ ಹೀಗೆ ಬಿರುಕು ಕಂಡಲ್ಲಿ ಯಾರೋ ದೂರದಲ್ಲಿ ಉಳಿದಿದ್ದಾರೆಂದು ಸಂಶಯಪಡಬೇಕು. ಆದರೆ ಮಧ್ಯಾಂಕವೂ ಆ ಇಬ್ಬರ ಹೆಸರು ಹೇಳದು. ಬಸ್ಸು ಬೇಕಾದದ್ದು ಅವರಿಗೆ. ಹೈಸ್ಕೂಲಿನ ನಡುವೆ ಓದು ಬಿಡುವ ಭಯವಿರುವುದೂ ಅವರಿಗೇ. ಅವರನ್ನು ತೋರಿಸುವುದು ಚುಕ್ಕೆ ಮಾತ್ರ.

ಹಾಜರಿಯನ್ನೂ ಹೀಗೆಯೇ ತಿಂಗಳುವಾರು ಬರೆದು ನೋಡಬಹುದು. ವರ್ಷದ ಒಟ್ಟು ಹಾಜರಿ ಚೆನ್ನಾಗಿದ್ದೂ ಅಡಿಕೆ ಸುಲಿಯುವ ದಿನಗಳಲ್ಲಿ, ಜೋಳ ಮುರಿಯುವ ದಿನಗಳಲ್ಲಿ ಗೆರೆ ತಗ್ಗಿದರೆ, ಆ ತಗ್ಗು ಸೋಮಾರಿತನದ ಸಾಕ್ಷಿಯಲ್ಲ, ಮನೆಯ ಬಡತನದ ಸಾಕ್ಷಿಯಾಗಿರಬಹುದು. ಹೌದೇ ಅಲ್ಲವೇ ಎಂಬುದನ್ನು ನಕ್ಷೆ ತೀರ್ಮಾನಿಸದು. ಎಲ್ಲಿ ಹೋಗಿ ಕೇಳಬೇಕೆಂಬುದನ್ನು ತಿಳಿಸುತ್ತದೆ.

ಅಂಕಿಗಳಿಗೆ ನಮ್ಮಲ್ಲಿ ಬರವಿಲ್ಲ. ಯುಡೈಸ್ ಪ್ಲಸ್ ವ್ಯವಸ್ಥೆ ೨೦೨೨-೨೩ರಿಂದ ಮಗುವಾರು ವಿವರ ಸಂಗ್ರಹಿಸತೊಡಗಿತು. ಹತ್ತನೆಯ ತರಗತಿಯ ಗಣಿತದಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಯವಿದೆ. ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ನಮ್ಮ ಮಕ್ಕಳು ಕಲಿಯುತ್ತಾರೆ. ವಿಪರ್ಯಾಸವೆಂದರೆ, ಮಧ್ಯಾಂಕ ಕಂಡುಹಿಡಿಯಬಲ್ಲ ಆ ಮಕ್ಕಳನ್ನೇ ನಾವು ಒಂದು ಶೇಕಡಾ ಅಂಕಿಯಿಂದ ಅಳೆದು ಮುಗಿಸುತ್ತೇವೆ.

ನನ್ನ ಸೂಚನೆ ಸಣ್ಣದು, ಖರ್ಚಿಲ್ಲದ್ದು. ಆ ಅಧ್ಯಾಯದ ಲೆಕ್ಕಗಳಿಗೆ ಎರವಲು ಅಂಕಿಗಳೇಕೆ? ಮಕ್ಕಳು ತಮ್ಮ ದಾರಿ, ತಮ್ಮ ಹಾಜರಿ, ತಮ್ಮ ಓದಿನ ಹೊತ್ತುಗಳನ್ನು ಹೆಸರಿಲ್ಲದೆ ತಾವೇ ಕೇಳಿ, ತಾವೇ ಬರೆಯಲಿ. ಆ ಹಾಳೆ ಶಾಲಾಭಿವೃದ್ಧಿ ಸಮಿತಿಯ ಮುಂದೆ ಬರಲಿ. ಜಿಲ್ಲೆಗೆ ಎಷ್ಟನೆಯ ಸ್ಥಾನವೆಂದು ಕೇಳುವ ಮೊದಲು, ಗೆರೆಯ ತುದಿಯಲ್ಲಿ ಒಂಟಿಯಾಗಿ ನಿಂತ ಚುಕ್ಕೆ ಯಾವ ಹಳ್ಳಿಯದೆಂದು ಸಮಿತಿಯವರು ಕೇಳಲಿ.